ಬೇವಿನ ಮರದ ಕೆಳಗೆ ನಿಂತ ಗಂಡಸರು

ಭಾನುವಾರದ ಬೆಳಗು. ಆಳಂದ ತಾಲ್ಲೂಕಿನ ಮಟಕಿಯಿಂದ ಹಿಡಿದು ಅಫಜಲಪುರ, ಜೇವರ್ಗಿಯವರೆಗೆ ಹಬ್ಬಿದ ತೊಗರಿ, ಜೋಳದ ಸೀಮೆಯಲ್ಲಿ ಒಂದು ಸಣ್ಣ ಚರ್ಚನ್ನು ಕಣ್ಣ ಮುಂದೆ ತಂದುಕೊಳ್ಳಿ. ಗಂಟೆ ಬಾರಿಸಿದೆ. ಬೈಬಲ್ಲನ್ನೂ ಕೀರ್ತನೆಯ ಪುಸ್ತಕವನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಹೆಂಗಸರು ಒಳಗೆ ಹೋಗುತ್ತಾರೆ. ಅವರ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಕೋಲೂರಿಕೊಂಡ ಒಂದಿಬ್ಬರು ಮುದುಕರು. ಒಳಗೆ ಹಾಸಿದ ಜಮಖಾನೆಯ ಒಂದು ಬದಿ ತುಂಬಿ ತುಳುಕುತ್ತಿದೆ. ಇನ್ನೊಂದು ಬದಿ, ಅಂದರೆ ಗಂಡಸರ ಬದಿ, ಅರ್ಧ ಖಾಲಿ.

ಹಾಗಾದರೆ ಗಂಡಸರು ಎಲ್ಲಿ? ಕೆಲವರು ಹೊಲದಲ್ಲಿದ್ದಾರೆ, ಕೆಲವರು ಪುಣೆಯಲ್ಲಿದ್ದಾರೆ. ಉಳಿದವರು ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಾರೆ. ಹಾಡು ಅವರಿಗೆ ಕೇಳಿಸುತ್ತದೆ, ಪ್ರಸಂಗವೂ ಕೇಳಿಸುತ್ತದೆ. ಆದರೆ ಹೊಸ್ತಿಲು ದಾಟುವುದಿಲ್ಲ. ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ನಮ್ಮ ಮನ್ಯಾಗಿನವ್ರು ಹೋಗ್ಯಾರಲ್ರೀ!’

ಮನೆಯ ಪರವಾಗಿ ಹೆಂಡತಿ ಪ್ರಾರ್ಥಿಸಿದರೆ ಸಾಕು ಎಂಬ ಈ ಮಾತು ತಮಾಷೆಯಂತೆ ಕೇಳಿಸಬಹುದು. ಆದರೆ ಚರ್ಚುಗಳ ಒಳಗೆ ಇದು ಬಹಳ ಕಾಲದಿಂದ ಚಿಂತೆಯ ವಿಷಯ. ಗಂಡಸರನ್ನು ಸಭೆಯ ಬಾಳಿನೊಳಕ್ಕೆ ಕರೆತರುವುದು ಹೇಗೆ? ಅದಕ್ಕೂ ಮೊದಲು, ಅವರು ಹೊರಗೆ ಉಳಿದದ್ದು ಹೇಗೆ?

ಹಳೆಯ ದೂರು

ಇದು ನಮ್ಮ ಸೀಮೆಯ ದೂರು ಮಾತ್ರವಲ್ಲ. 1692ರಲ್ಲಿ ಅಮೆರಿಕದ ಬಾಸ್ಟನ್ನಿನ ಪಾದ್ರಿ ಕಾಟನ್ ಮ್ಯಾಥರ್ ತನ್ನ ಪುಸ್ತಕವೊಂದರಲ್ಲಿ, ದೈವಭಕ್ತ ಹೆಂಗಸರ ಸಂಖ್ಯೆ ಗಂಡಸರಿಗಿಂತ ಬಹಳ ಹೆಚ್ಚು ಎಂದು ಬರೆದಿದ್ದ. ಮೂರು ಶತಮಾನ ಕಳೆದ ಮೇಲೆ, 2016ರಲ್ಲಿ, ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಅದೇ ಕಂಡಿತು. ವಾರಕ್ಕೊಮ್ಮೆಯಾದರೂ ಆರಾಧನೆಗೆ ಹೋಗುತ್ತೇವೆ ಎಂದ ಕ್ರೈಸ್ತ ಮಹಿಳೆಯರು ನೂರಕ್ಕೆ 53, ಪುರುಷರು 46. ಭಾರತದಲ್ಲಿ ಸಂಖ್ಯೆಯ ಲೆಕ್ಕವೂ ಸ್ವಲ್ಪ ಸೇರಿಕೊಳ್ಳುತ್ತದೆ. 2011ರ ಜನಗಣತಿಯ ಪ್ರಕಾರ ದೇಶದ ಕ್ರೈಸ್ತರಲ್ಲಿ 1000 ಪುರುಷರಿಗೆ 1023 ಮಹಿಳೆಯರಿದ್ದಾರೆ. ಆದರೆ ಜಮಖಾನೆಯ ಒಂದು ಬದಿ ಅರ್ಧ ಖಾಲಿ ಇರುವುದನ್ನು ಈ 23ರ ಅಂತರ ವಿವರಿಸಲಾರದು.

ಹಾಗಾದರೆ ಗಂಡಸಿನ ಸ್ವಭಾವದಲ್ಲೇ ಭಕ್ತಿ ಕಡಿಮೆಯೇ? ಹಾಗೆ ಹೇಳುವವರಿದ್ದಾರೆ. ಆದರೆ ಈ ಸೀಮೆಯಲ್ಲಿ ಒಂದು ವರ್ಷ ಇದ್ದವರು ಆ ಮಾತನ್ನು ಒಪ್ಪಲಾರರು. ಅಮಾವಾಸ್ಯೆ, ಹುಣ್ಣಿಮೆಯ ರಾತ್ರಿಗಳಲ್ಲಿ ಹಾರ್ಮೋನಿಯಂ, ತಾಳ, ಏಕತಾರಿ ಹಿಡಿದು ಬೆಳಗಿನವರೆಗೆ ಭಜನೆ ಮಾಡುವವರಲ್ಲಿ ಹೆಚ್ಚಿನವರು ಗಂಡಸರು. ಹಿಂದಿನ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದವರು ಹೊಲದಲ್ಲಿ ದುಡಿಯುವ ಇಂಥ ಭಜನೆಕಾರರೇ. ಆ ಪರಂಪರೆಯಲ್ಲಿ ಖೈನೂರು ಕೃಷ್ಣಪ್ಪನೂ ಇದ್ದಾನೆ, ಚೆನ್ನೂರು ಜಲಾಲಸಾಹೇಬನೂ ಇದ್ದಾನೆ. ಮೊಹರಂ ಬಂದರೆ ಹಿಂದೂ, ಮುಸ್ಲಿಂ ಎನ್ನದೆ ಗಂಡಸರು ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ರಿವಾಯತ್ ಪದ ಹಾಡುತ್ತಾರೆ. ಶುಕ್ರವಾರದ ನಮಾಜಿನ ಸಾಲುಗಳಲ್ಲೂ ಅವರೇ. ಪ್ಯೂ ಕೇಂದ್ರದ ಅದೇ ಅಧ್ಯಯನದಲ್ಲಿ ಮುಸ್ಲಿಮರ ಲೆಕ್ಕ ತಿರುವುಮುರುವಾಗಿದೆ: ವಾರದ ಪ್ರಾರ್ಥನೆಗೆ ಹೋಗುವ ಪುರುಷರು ನೂರಕ್ಕೆ 70, ಮಹಿಳೆಯರು 42.

ಅಂದರೆ ಪ್ರಶ್ನೆ ಗಂಡಸಿನ ಸ್ವಭಾವದ್ದಲ್ಲ. ಧರ್ಮವೊಂದು ತನ್ನ ಆಚರಣೆಯಲ್ಲಿ ಅವನಿಗೆ ಏನು ಕೆಲಸ ಕೊಟ್ಟಿದೆ ಎಂಬುದರದ್ದು. ಭಜನೆಯಲ್ಲಿ ತಾಳ ಹಿಡಿಯುವವನಿಗೆ ಕೆಲಸವಿದೆ. ಅಲಾಯಿ ಹೊರುವವನಿಗೆ ಕೆಲಸವಿದೆ. ಚರ್ಚಿನಲ್ಲಿ ಸಾಮಾನ್ಯ ಗಂಡಸಿಗೆ ಇರುವ ಕೆಲಸ ಯಾವುದು? ಕೂರುವುದು, ಕೇಳುವುದು, ಏಳುವುದು. ಈ ಸ್ಥಿತಿ ಬಂದ ಬಗೆಯನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಲಗೆ ಕೆಳಗಿಟ್ಟ ಮೇಲೆ

ಕಲಬುರಗಿ, ಬೀದರ್ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಮೆಥೊಡಿಸ್ಟ್ ಮಿಷನರಿಗಳು ಇಲ್ಲಿ ನೆಲೆಯೂರಿದರು. ಅವರ ಮಾತಿಗೆ ಹೆಚ್ಚಾಗಿ ಓಗೊಟ್ಟವರು ಊರ ಹೊರಗಿನ ಕೇರಿಗಳ ದಲಿತರು. ಒಬ್ಬೊಬ್ಬರಾಗಿ ಬಂದದ್ದಕ್ಕಿಂತ ಮನೆ ಮನೆಯೇ, ಕೆಲವೊಮ್ಮೆ ಕೇರಿಗೆ ಕೇರಿಯೇ ಬಂದದ್ದು ಹೆಚ್ಚು. ಭಾರತದಾದ್ಯಂತ ನಡೆದ ಇಂಥ ಸಾಮೂಹಿಕ ಮತಾಂತರಗಳನ್ನು ಮೆಥೊಡಿಸ್ಟ್ ಪಾದ್ರಿ ಜೆ. ವಾಸ್ಕಂ ಪಿಕೆಟ್ ಅಧ್ಯಯನ ಮಾಡಿ 1933ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಆ ಮಾದರಿಯಲ್ಲಿ ಒಂದು ಅಂಶ ಸ್ಪಷ್ಟ. ಬಳಗದ ಹಿರಿಯರು ಕುಳಿತು ಮಾತಾಡಿ ತೀರ್ಮಾನಿಸಿದರೆ ಕೇರಿ ಒಟ್ಟಾಗಿ ಹೆಜ್ಜೆ ಇಡುತ್ತಿತ್ತು. ಹಿರಿಯರೆಂದರೆ ಗಂಡಸರು. ಹೀಗೆ ಚರ್ಚಿನ ಬಾಗಿಲನ್ನು ಮೊದಲು ತಟ್ಟಿದವರಲ್ಲಿ ಗಂಡಸರೇ ಮುಂದಿದ್ದರು.

ಆಮೇಲೆ ಏನಾಯಿತು? ಹಳೆಯ ಬದುಕಿನ ಹಲವು ಕಟ್ಟುಗಳನ್ನು ಹೊಸ ಧರ್ಮ ಬಿಡಿಸಿತು. ಸತ್ತ ದನ ಹೊರುವ ಬಿಟ್ಟಿ ಚಾಕರಿ, ಅದರ ಮಾಂಸ ತಿನ್ನುವ ಅನಿವಾರ್ಯ, ಊರ ದೇವರ ಮುಂದೆ ಹಲಗೆ ಬಾರಿಸುವ ಹಂಗು, ಇವೆಲ್ಲ ಹೀನ ಚಾಕರಿಯ ಗುರುತುಗಳೆಂದು ಬಿಡಬೇಕಾಯಿತು. ಬಿಟ್ಟದ್ದು ಒಳ್ಳೆಯದೇ ಆಯಿತು. ಆದರೆ ಹಲಗೆಯ ಜೊತೆಗೆ ಇನ್ನೊಂದು ಸಂಗತಿಯೂ ಹೋಯಿತು. ಊರಿನ ಜಾತ್ರೆ, ಮದುವೆ, ಸಾವುಗಳಲ್ಲಿ ಕೇರಿಯ ಗಂಡಸಿಗೆ ಇದ್ದ ಒಂದೇ ಬಹಿರಂಗ ಪಾತ್ರ ಅದು. ಅವಮಾನದ ಪಾತ್ರವಾದರೂ ಅದರಲ್ಲಿ ಕಸುಬಿತ್ತು, ಕಲೆಯಿತ್ತು, ನಾಲ್ಕು ಜನರ ಎದುರು ನಿಲ್ಲುವ ಅವಕಾಶವಿತ್ತು. ಅದರ ಜಾಗದಲ್ಲಿ ಚರ್ಚ್ ಅವನಿಗೆ ಮರ್ಯಾದೆ ಕೊಟ್ಟಿತು, ಅಕ್ಷರ ಕೊಟ್ಟಿತು. ಕೈಗೆ ಮಾತ್ರ ಹೊಸ ಕೆಲಸ ಕೊಡಲಿಲ್ಲ.

ಇದೇ ಕಾಲದಲ್ಲಿ ಹೆಂಗಸರ ಕಥೆ ಬೇರೆ ದಾರಿ ಹಿಡಿಯಿತು. 1869ರಲ್ಲಿ ಬಾಸ್ಟನ್ನಿನಲ್ಲಿ ಮೆಥೊಡಿಸ್ಟ್ ಮಹಿಳೆಯರು ತಮ್ಮದೇ ವಿದೇಶೀ ಮಿಷನ್ ಸಂಘ ಕಟ್ಟಿದರು. ಮರು ವರ್ಷ ಅವರು ಕಳುಹಿಸಿದ ಇಸಬೆಲ್ಲಾ ಥೋಬರ್ನ್ ಲಖನೌದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ವೈದ್ಯೆ ಕ್ಲಾರಾ ಸ್ವೇನ್ ಬರೇಲಿಯಲ್ಲಿ ಮಹಿಳೆಯರ ಚಿಕಿತ್ಸೆ ಆರಂಭಿಸಿದರು. ಅಲ್ಲಿಂದ ಮುಂದೆ ಹೆಣ್ಣುಮಕ್ಕಳ ಶಾಲೆ, ವಸತಿಗೃಹ, ಮನೆ ಮನೆಗೆ ಹೋಗಿ ಓದಿ ಹೇಳುವ ಬೈಬಲ್ ಮಹಿಳೆಯರು, ವಾರದ ಮಹಿಳಾ ಕೂಟ ಎಂದು ಒಂದು ವ್ಯವಸ್ಥೆಯೇ ಬೆಳೆಯಿತು. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ದೇವರಿಗೆಂದು ತೆಗೆದಿಡುವ ಪದ್ಧತಿ ಭಾರತದ ಹಲವು ಚರ್ಚುಗಳಲ್ಲಿದೆ. ಮಿಜೋರಾಂನ ಮಹಿಳೆಯರು 1910ರಲ್ಲಿ ಆರಂಭಿಸಿದ ಹಿಡಿ ಅಕ್ಕಿಯ ಸಂಗ್ರಹ ಇಂದಿಗೂ ಅಲ್ಲಿನ ಸಭೆಗಳ ದೊಡ್ಡ ಆದಾಯ. ದಿನಕ್ಕೆ ಒಂದು ಹಿಡಿ ಅಕ್ಕಿ ತೆಗೆದಿಟ್ಟವಳಿಗೆ ಚರ್ಚ್ ತನ್ನದು ಅನ್ನಿಸದೆ ಇದ್ದೀತೇ?

ಗಂಡಸರಿಗೆ ಇಂಥದೊಂದು ಸಂಘ ಬೇಕೆಂದು ಯಾರಿಗೂ ಹೊಳೆಯಲಿಲ್ಲ. ಇಡೀ ಚರ್ಚೇ ಅವರದಲ್ಲವೇ ಎಂಬ ಭಾವನೆ. ಪಾದ್ರಿ ಗಂಡಸು, ಖಜಾಂಚಿ ಗಂಡಸು, ಸಮಿತಿಯ ಸದಸ್ಯರು ಗಂಡಸರು. ಆದರೆ ಸಮಿತಿಯಲ್ಲಿ ಹತ್ತು ಜನ ಕೂರಬಹುದು. ಉಳಿದ ತೊಂಬತ್ತು ಜನ ಅತ್ತ ಸಮಿತಿಯವರೂ ಅಲ್ಲ, ಇತ್ತ ಸಂಘದವರೂ ಅಲ್ಲ. ಅಧಿಕಾರವೆಲ್ಲ ಗಂಡಸರ ಕೈಯಲ್ಲಿದ್ದೂ ಜಮಖಾನೆಯ ಗಂಡಸರ ಬದಿ ಖಾಲಿ ಇರುವ ವಿಚಿತ್ರಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಕಾಗದದ್ದು. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಮಾತ್ರ ಸೀಮಿತವಾಯಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರಾದ ದಲಿತರಿಗೆ ಸಿಗಲಿಲ್ಲ. ಈ ಪ್ರಶ್ನೆಯ ಪರಿಶೀಲನೆಗೆ ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು. ಶಾಲೆ, ನೌಕರಿ, ಪಂಚಾಯಿತಿ ಸ್ಥಾನ ಎಲ್ಲಕ್ಕೂ ಜಾತಿ ಪ್ರಮಾಣಪತ್ರ ಬೇಕಾದ ಮನೆಯಲ್ಲಿ, ದಾಖಲೆಯ ಭಾರ ಹೊತ್ತವನು ಸಾಮಾನ್ಯವಾಗಿ ಗಂಡಸು. ಚರ್ಚಿನ ಪುಸ್ತಕದಲ್ಲಿ ಹೆಸರು ಬರೆಸಲು ಅವನು ಹಿಂದೆ ಮುಂದೆ ನೋಡಿದರೆ ಅದು ಅಭಕ್ತಿ ಎನ್ನಲಾಗದು. ಬೇವಿನ ಮರದ ಕೆಳಗೆ ನಿಂತವರಲ್ಲಿ ಇಂಥವರೂ ಇರಬಹುದು.

ಕರಾವಳಿಯ ಎರಡು ದಾರಿ

ಈ ತೊಡಕನ್ನು ಬೇರೆ ಕಡೆಯ ಕ್ರೈಸ್ತರು ಹೇಗೆ ಬಿಡಿಸಿಕೊಂಡರು ಎಂದು ನೋಡಲು ಒಣನೆಲದಿಂದ ಕರಾವಳಿಗೆ ಇಳಿಯಬೇಕು. ಅಲ್ಲಿ ಎರಡು ಬಗೆಯ ಉತ್ತರಗಳು ಸಿಗುತ್ತವೆ.

ಮೊದಲನೆಯದು ಕೊಂಕಣಿ ಮಾತಾಡುವ ಕೆಥೊಲಿಕರದು. ಗೋವಾದಿಂದ ವಲಸೆ ಬಂದು ತುಳುನಾಡಿನಲ್ಲಿ ಬೇಸಾಯಕ್ಕೆ ನಿಂತ ಈ ಜನ ಪ್ರತಿ ನೆಲೆಗೂ ಒಬ್ಬ ಮುಖ್ಯಸ್ಥನನ್ನು ಆರಿಸಿಕೊಂಡರು. ಅವನೇ ಗುರ್ಕಾರ. ನಡತೆಯಲ್ಲಿ ಒಳ್ಳೆಯವನೆಂದು ಹೆಸರಾದ ಗೃಹಸ್ಥ ಅವನು, ಪಾದ್ರಿಯಲ್ಲ. ಸಾಮಾಜಿಕ, ಧಾರ್ಮಿಕ ವಿಚಾರಗಳಲ್ಲಿ ತನ್ನ ವಾಳೆಯ ಮನೆಗಳ ಮೇಲೆ ಕಣ್ಣಿಡುವುದು ಅವನ ಹೊಣೆ. 1784ರಲ್ಲಿ ಟಿಪ್ಪು ಸುಲ್ತಾನ ಈ ಸಮುದಾಯವನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಇಗರ್ಜಿಗಳು ನೆಲಸಮವಾದವು. 1799ರ ನಂತರ ಉಳಿದವರು ಮರಳಿ ಬಂದು ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಯಿತು. ಗೋಡೆ ಇಲ್ಲದಿದ್ದರೂ ಇಗರ್ಜಿ ಉಳಿಯಬೇಕಾದರೆ ಮನೆ ಮನೆಯನ್ನು ಬಲ್ಲ ಗೃಹಸ್ಥರು ಬೇಕು ಎಂಬುದನ್ನು ಆ ಜನ ಕಷ್ಟದಲ್ಲಿ ಕಲಿತರು. ಗುರ್ಕಾರನ ಹುದ್ದೆ ಇಂದಿಗೂ ಇದೆ. ಈಗ ಆ ಹೊಣೆಯನ್ನು ಮಹಿಳೆಯರೂ ಹೊರುತ್ತಾರೆ.

ಎರಡನೆಯದು ಬಾಸೆಲ್ ಮಿಷನ್ನಿನದು. 1834ರ ಅಕ್ಟೋಬರ್ 30ರಂದು ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಕ್ರೈಸ್ತನಾದವನು ಮನೆ, ಆಸ್ತಿ, ಬಳಗ ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದ. ಶೇಂದಿ ಇಳಿಸುವ ಕಸುಬಿನವನಾದರೆ ಹೊಸ ಧರ್ಮದ ಕಟ್ಟುಪಾಡಿನಲ್ಲಿ ಆ ಕಸುಬೂ ಹೋಗುತ್ತಿತ್ತು. ಕೈ ಖಾಲಿಯಾದ ಈ ಗಂಡಸಿಗೆ ಉಪದೇಶ ಮಾತ್ರ ಸಾಲದು ಎಂದು ಮಿಷನರಿಗಳಿಗೆ ಬೇಗನೆ ತಿಳಿಯಿತು. 1851ರಲ್ಲಿ ಹಾಲರ್ ನೇಯ್ಗೆಯನ್ನು ವ್ಯವಸ್ಥಿತಗೊಳಿಸಿದ. ಖಾಕಿ ಬಣ್ಣದ ಬಟ್ಟೆ ಹುಟ್ಟಿದ್ದು ಆ ಮಗ್ಗಗಳಲ್ಲೇ ಎಂಬುದು ಮಂಗಳೂರಿನವರ ಹೆಮ್ಮೆ. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಸಭೆಯ ಆಡಳಿತಕ್ಕೆ ಊರಿನವರಲ್ಲೇ ಹಿರಿಯರನ್ನು ಆರಿಸುವ ಪದ್ಧತಿಯೂ ಬಂತು.

ಮಗ್ಗ, ಹೆಂಚು, ಹಿರಿಯರ ಮಂಡಳಿ, ಇವು ಮೂರೂ ಸೇರಿ ಕರಾವಳಿಯ ಪ್ರಾಟೆಸ್ಟಂಟ್ ಗಂಡಸಿಗೆ ಚರ್ಚಿನಲ್ಲಿ ಕಾಲೂರಲು ನೆಲ ಕೊಟ್ಟವು. ಕಾರ್ಖಾನೆಯಲ್ಲಿ ಹೆಂಗಸರೂ ದುಡಿದರು ಎಂಬುದನ್ನು ಮರೆಯಬಾರದು. ಆದರೆ ಈ ಏರ್ಪಾಟಿನಲ್ಲಿ ಒಂದು ಬಿರುಕಿತ್ತು. ಅನ್ನ ಕೊಡುವ ಕೈ, ಆತ್ಮದ ಲೆಕ್ಕ ಕೇಳುವ ಕೈ, ಎರಡೂ ಒಂದೇ. ಚರ್ಚಿಗೆ ಬರುವವನು ಭಕ್ತಿಯಿಂದ ಬಂದನೋ ಕೆಲಸ ಉಳಿಸಿಕೊಳ್ಳಲು ಬಂದನೋ ಹೇಳುವುದು ಕಷ್ಟ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದ ಮೇಲೆ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ ದೇಶ ಬಿಡಬೇಕಾಯಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಮಗ್ಗವೂ ಹೆಂಚೂ ಚರ್ಚಿನ ಕೈತಪ್ಪಿದರೂ ಸಭೆ ಉಳಿಯಿತು. ಊರಿನವರೇ ಹೊಣೆ ಹೊರಲು ಕಲಿತಿದ್ದ ಆ ವ್ಯವಸ್ಥೆ ಕಾರ್ಖಾನೆಗಿಂತ ಗಟ್ಟಿಯೆಂದು ಹೀಗೆ ತೋರಿತು.

ವಾರಕ್ಕೊಂದು ಪೆನ್ನಿ

ಕಲಬುರಗಿ, ಬೀದರಿನ ಮೆಥೊಡಿಸ್ಟರು ಉತ್ತರಕ್ಕಾಗಿ ಕರಾವಳಿಯತ್ತ ನೋಡಲೇಬೇಕೆಂದಿಲ್ಲ. ಅವರ ಸಭೆಯ ಮೂಲದಲ್ಲೇ ಒಂದು ಉತ್ತರವಿದೆ.

1742ರ ಫೆಬ್ರವರಿ. ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ತಮ್ಮ ಪ್ರಾರ್ಥನಾ ಮಂದಿರದ ಸಾಲ ತೀರಿಸುವ ಬಗೆ ಹುಡುಕುತ್ತ ಕುಳಿತಿದ್ದರು. ಕ್ಯಾಪ್ಟನ್ ಫೋಯ್ ಎಂಬಾತ ಎದ್ದು, ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದ. ಬಡವರು ಅಷ್ಟೂ ಕೊಡಲಾರರು ಎಂಬ ಮಾತು ಬಂತು. ಹಾಗಾದರೆ ಹನ್ನೊಂದು ಮಂದಿ ಕಡುಬಡವರನ್ನು ನನಗೊಪ್ಪಿಸಿ, ಅವರು ಕೊಡದಿದ್ದರೆ ನಾನೇ ತುಂಬುತ್ತೇನೆ ಎಂದು ಅವನು ಹೊಣೆ ಹೊತ್ತ. ಹೀಗೆ ಹನ್ನೆರಡು ಹನ್ನೆರಡು ಜನರ ಗುಂಪುಗಳಾದವು, ಗುಂಪಿಗೊಬ್ಬ ನಾಯಕನಾದ. ನಾಯಕ ಪೆನ್ನಿ ವಸೂಲಿಗೆಂದು ವಾರಕ್ಕೊಮ್ಮೆ ಮನೆ ಮನೆಗೆ ಹೋದ. ಹೋದಾಗ ಯಾರು ಕಾಯಿಲೆ ಬಿದ್ದಿದ್ದಾರೆ, ಯಾರು ಕುಡಿತಕ್ಕೆ ಬಿದ್ದಿದ್ದಾರೆ, ಯಾರ ಮನೆಯಲ್ಲಿ ಜಗಳ ಎಂಬುದೆಲ್ಲ ಕಣ್ಣಿಗೆ ಬಿತ್ತು. ಸಾಲ ತೀರಿಸಲು ಹೊರಟ ಉಪಾಯ ಮನುಷ್ಯರನ್ನು ನೋಡಿಕೊಳ್ಳುವ ಏರ್ಪಾಟಾಯಿತು. ಗಣಿ ಕೂಲಿ, ಚಮ್ಮಾರ, ನೇಕಾರ ಯಾರೇ ಆಗಲಿ, ನಾಯಕನಾದ ದಿನದಿಂದ ಅವನು ಕೇಳುಗ ಮಾತ್ರವಾಗಿ ಉಳಿಯಲಿಲ್ಲ. ಮಹಿಳೆಯರೂ ಇಂಥ ಗುಂಪುಗಳ ನಾಯಕಿಯರಾದರು.

ಗುರ್ಕಾರನಿಗೂ ಈ ನಾಯಕನಿಗೂ ಎಷ್ಟು ಹೋಲಿಕೆ! ಒಬ್ಬರು ಕೆಥೊಲಿಕರು, ಇನ್ನೊಬ್ಬರು ಪ್ರಾಟೆಸ್ಟಂಟರು. ಒಬ್ಬರು ಅರಬ್ಬೀ ಸಮುದ್ರದ ದಂಡೆಯವರು, ಇನ್ನೊಬ್ಬರು ಇಂಗ್ಲೆಂಡಿನವರು. ಪರಸ್ಪರ ಕೇಳಿ ಕಲಿತವರಲ್ಲ. ಆದರೂ ಇಬ್ಬರೂ ಸಾಮಾನ್ಯ ಗೃಹಸ್ಥನಿಗೆ ಎಣಿಸಿ ಹನ್ನೆರಡು ಮನೆಯನ್ನೋ ಒಂದು ವಾಳೆಯನ್ನೋ ಒಪ್ಪಿಸಿದರು. ಉತ್ತರ ಭಾರತದ ಮೆಥೊಡಿಸ್ಟರೂ 20ನೇ ಶತಮಾನದ ಮೊದಲ ದಶಕಗಳಲ್ಲಿ ಇದೇ ಹಾದಿ ಹಿಡಿದಿದ್ದರು. ಬಳಗದ ಚೌಧರಿಗಳನ್ನು ಬದಿಗೆ ಸರಿಸದೆ, ಅವರಿಗೇ ತರಬೇತಿ ಕೊಟ್ಟು ಸಭೆಯ ಹೊಣೆ ಒಪ್ಪಿಸಿದರು.

ತಾಳ, ತಂಬೂರಿ ಮತ್ತು ಜಾತ್ರೆ

ಹೊಣೆಯ ಜೊತೆಗೆ ಹಾಡಿನ ದಾರಿಯೂ ಒಂದಿದೆ. ಕನ್ನಡ ನಿಘಂಟಿನ ಫರ್ಡಿನಂಡ್ ಕಿಟೆಲ್ ಇದನ್ನು ಬೇಗ ಗುರುತಿಸಿದವರು. ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೇಳಬೇಕೆಂದು ಅವರು 1862ರಲ್ಲಿ ‘ಕಥಾಮಾಲೆ’ ಪ್ರಕಟಿಸಿದರು. ಜರ್ಮನ್ ರಾಗದ ಹಾಡಿಗೆ ಬಾಯಿ ತೆರೆಯದವನು ತನ್ನ ಊರಿನ ಧಾಟಿಗೆ ತೆರೆದಾನು ಎಂಬ ಆಸೆ ಅದರ ಹಿಂದೆ ಇದ್ದಿರಬೇಕು.

ಆಳಂದದಿಂದ ಗಡಿ ದಾಟಿದರೆ ಮರಾಠಿ ಸೀಮೆ. ಅಲ್ಲಿ ಈ ಕೆಲಸ ಇನ್ನೂ ಆಳವಾಗಿ ನಡೆಯಿತು. 1895ರಲ್ಲಿ ಕ್ರೈಸ್ತರಾದ ಕವಿ ನಾರಾಯಣ ವಾಮನ ಟಿಳಕರು ವಾರಕರಿಗಳ ಅಭಂಗ, ಭಜನೆ, ಕೀರ್ತನೆಗಳನ್ನು ಚರ್ಚಿನೊಳಕ್ಕೆ ತಂದರು. ಕೀರ್ತನಕಾರನ ಹಿಂದೆ ತಾಳ ಹಿಡಿಯುವವನು, ಮೃದಂಗ ನುಡಿಸುವವನು, ಪಲ್ಲವಿ ಎತ್ತಿಕೊಳ್ಳುವವನು ಬೇಕು. ಕೈಗಳಿಗೆ ತಾವಾಗಿ ಕೆಲಸ ಬಂತು. ಟಿಳಕರು ‘ಖ್ರಿಸ್ತಾಯನ’ ಎಂಬ ಮಹಾಕಾವ್ಯ ಆರಂಭಿಸಿ 1919ರಲ್ಲಿ ತೀರಿಕೊಂಡಾಗ ಅದು ಅರ್ಧಕ್ಕೇ ನಿಂತಿತ್ತು. ಅದನ್ನು ಮುಗಿಸಿದವರು ಪತ್ನಿ ಲಕ್ಷ್ಮೀಬಾಯಿ.

ಜಾತ್ರೆಯ ಉದಾಹರಣೆ ಇನ್ನೂ ಹತ್ತಿರದ್ದು. ತೆಲಂಗಾಣದ ವಿಕಾರಾಬಾದ್ ಬಳಿಯ ಧಾರೂರಿನಲ್ಲಿ 1923ರಿಂದ ಮೆಥೊಡಿಸ್ಟರ ಕ್ರೈಸ್ತ ಜಾತ್ರೆ ನಡೆಯುತ್ತಿದೆ. ಪ್ರತಿ ನವೆಂಬರಿನಲ್ಲಿ ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರಗಳಿಂದ ಜನ ಹೋಗಿ ಬಯಲಲ್ಲಿ ಬಿಡಾರ ಹೂಡುತ್ತಾರೆ. ಜಾತ್ರೆ ಎಂದರೆ ನಮ್ಮ ರೈತನಿಗೆ ಬಿಡಿಸಿ ಹೇಳಬೇಕಿಲ್ಲ. ಗಾಡಿ ಕಟ್ಟಬೇಕು, ಗೂಟ ನೆಡಬೇಕು, ಸೌದೆ, ನೀರು ತರಬೇಕು, ರಾತ್ರಿ ಕಾವಲಿರಬೇಕು. ಭಾನುವಾರ ಹೊರಗೆ ನಿಲ್ಲುವವನು ಜಾತ್ರೆಗೆ ಮಾತ್ರ ತಪ್ಪುವುದಿಲ್ಲ ಎಂಬುದರ ಗುಟ್ಟು ಇಲ್ಲಿರಬಹುದು.

ಒಂದು ಕಾಲಕ್ಕೆ ಕೆಳಗಿಟ್ಟ ವಾದ್ಯವೂ ಮತ್ತೆ ಮೇಲೆ ಬರುತ್ತಿದೆ. ಸತಿಯನಾಥನ್ ಕ್ಲಾರ್ಕ್ 1998ರ ತಮ್ಮ ಗ್ರಂಥದಲ್ಲಿ ತಮಿಳುನಾಡಿನ ಪರೆ ವಾದ್ಯವನ್ನು ದಲಿತರ ದೈವಾನುಭವದ ಸಂಕೇತವಾಗಿ ಕಂಡರು. ಹಂಗಿನ ಹಲಗೆ ಬೇರೆ, ತನ್ನ ದೇವರ ಮುಂದೆ ತಾನೇ ಇಷ್ಟಪಟ್ಟು ಬಾರಿಸುವ ಹಲಗೆ ಬೇರೆ ಎಂಬ ಅರಿವು ಅದರ ಹಿಂದಿದೆ.

ಪುಣೆಗೆ ಹೋದವನ ಚರ್ಚ್

ಇಷ್ಟೆಲ್ಲ ಊರಿನಲ್ಲಿರುವ ಗಂಡಸರ ಮಾತಾಯಿತು. ಊರು ಬಿಟ್ಟವರು? ಮಳೆ ಕೈಕೊಟ್ಟ ವರ್ಷ ಆಳಂದ, ಅಫಜಲಪುರದ ಕೂಲಿಕಾರರು ಪುಣೆ, ಮುಂಬೈ, ಸೊಲ್ಲಾಪುರದ ಕಡೆ ಮುಖ ಮಾಡುವುದು ಹಳೆಯ ಕಥೆ. 1972ರ ಬರವನ್ನು ಕಂಡ ಹಿರಿಯರು ಅದನ್ನು ಈಗಲೂ ನೆನೆಯುತ್ತಾರೆ. ಕಟ್ಟಡ ಕೆಲಸದ ಜಾಗದಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗುವವನಿಗೆ ಭಾನುವಾರವೂ ಕೆಲಸದ ದಿನವೇ. ಸಂಜೆಗೆ ಜೊತೆಯಾಗುವುದು ಬಾಟಲಿ.

ಇಂಥದೇ ಚಿತ್ರ 1844ರ ಲಂಡನ್ನಿನಲ್ಲಿತ್ತು. ಹಳ್ಳಿಯಿಂದ ಬಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಲಿಯಮ್ಸ್ ಎಂಬ ಯುವಕ, ತನ್ನಂತೆಯೇ ಅಂಗಡಿಯ ಮಹಡಿಯಲ್ಲಿ ಒತ್ತೊತ್ತಾಗಿ ಮಲಗುವ ಹುಡುಗರಿಗೆ ಹೆಂಡದಂಗಡಿ ಬಿಟ್ಟರೆ ಬೇರೆ ಜಾಗವಿಲ್ಲ ಎಂಬುದನ್ನು ಕಂಡ. ಜೂನ್ 6ರಂದು ಗೆಳೆಯರನ್ನು ಸೇರಿಸಿ ಸಂಘವೊಂದನ್ನು ಕಟ್ಟಿದ. ವೈ.ಎಂ.ಸಿ.ಎ. ಎಂದು ಜಗತ್ತೆಲ್ಲ ಕರೆಯುವುದು ಅದನ್ನೇ. ಪ್ರಾರ್ಥನೆಯ ಜೊತೆಗೆ ವಾಚನಾಲಯ, ವಸತಿ, ಆಟದ ಅಂಗಳ ಬಂದವು. 1891ರಲ್ಲಿ ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು, 1895ರಲ್ಲಿ ವಾಲಿಬಾಲ್ ಹುಟ್ಟಿದ್ದು ಅಮೆರಿಕದ ವೈ.ಎಂ.ಸಿ.ಎ. ಅಂಗಳಗಳಲ್ಲಿ. ನಮ್ಮ ಹಳ್ಳಿಗಳ ಶಾಲೆ ಬಯಲಿನಲ್ಲಿ ಸಂಜೆ ಕಟ್ಟುವ ನೆಟ್ ಅಲ್ಲಿಂದ ಬಂದದ್ದೆಂದು ಆಡುವ ಹುಡುಗರಲ್ಲಿ ಎಷ್ಟು ಮಂದಿಗೆ ಗೊತ್ತು?

ಭಾರತದಲ್ಲಿ ಈ ಸಂಘ ನಾಯಕರನ್ನೇ ಬೆಳೆಸಿತು. ಅದರ ಕಾರ್ಯದರ್ಶಿಯಾಗಿ ಊರೂರು ಅಲೆದ ವಿ.ಎಸ್. ಅಜರಯ್ಯ 1912ರಲ್ಲಿ ದೋರ್ನಕಲ್‌ನ ಬಿಷಪ್ ಆದರು. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಅವರು. ಅವರ ಸಭೆಗಳಲ್ಲಿ ದೀಕ್ಷಾಸ್ನಾನ ಪಡೆದವನು ತನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟು, ತಾನು ಕೇಳಿದ ಸುವಾರ್ತೆಯನ್ನು ಇತರರಿಗೆ ಸಾರುವುದಾಗಿ ಮಾತು ಕೊಡಬೇಕಿತ್ತು. ಅಕ್ಷರ ಬಾರದ ಕೂಲಿಯವನಿಗೂ ಮೊದಲ ದಿನವೇ ಕೆಲಸ ಸಿಕ್ಕಿತು ಎಂದಾಯಿತು.

ಅಬ್ಬರದ ದಾರಿ

ಗಂಡಸರನ್ನು ಚರ್ಚಿಗೆ ಸೆಳೆಯಲು ಅಬ್ಬರದ ಪ್ರಯತ್ನಗಳೂ ನಡೆದಿವೆ. 1911–12ರಲ್ಲಿ ಅಮೆರಿಕದಲ್ಲಿ ಊರೂರಲ್ಲಿ ಜಾಹೀರಾತು ಹಚ್ಚಿ ಗಂಡಸರಿಗಾಗಿಯೇ ದೊಡ್ಡ ಧಾರ್ಮಿಕ ಆಂದೋಲನ ನಡೆಯಿತು. ಎರಡು ವರ್ಷದೊಳಗೆ ಅದು ಮುಗಿಯಿತು. 1990ರಲ್ಲಿ ಅಲ್ಲೇ ಒಬ್ಬ ಫುಟ್‌ಬಾಲ್ ತರಬೇತುದಾರ ಆರಂಭಿಸಿದ ‘ಪ್ರಾಮಿಸ್ ಕೀಪರ್ಸ್’ ಸಂಘಟನೆ ಕ್ರೀಡಾಂಗಣಗಳನ್ನು ಗಂಡಸರಿಂದ ತುಂಬಿಸಿತು. 1997ರ ಅಕ್ಟೋಬರಿನಲ್ಲಿ ವಾಷಿಂಗ್ಟನ್‌ನಲ್ಲಿ ಭಾರಿ ಸಮಾವೇಶ ನಡೆಸಿತು. ಆಮೇಲೆ ಅದೂ ಇಳಿಮುಖವಾಯಿತು. ಸಮಾವೇಶದಲ್ಲಿ ಕೂಗಿ ಬಂದವನು ಸೋಮವಾರ ಬೆಳಿಗ್ಗೆ ಏನು ಮಾಡಬೇಕು ಎಂಬುದಕ್ಕೆ ಅಬ್ಬರದಲ್ಲಿ ಉತ್ತರವಿರುವುದಿಲ್ಲ. ಕ್ಯಾಪ್ಟನ್ ಫೋಯ್‌ಗೆ ಆ ಉತ್ತರ ಗೊತ್ತಿತ್ತು: ಹನ್ನೊಂದು ಮನೆಗಳಿಗೆ ಹೋಗಬೇಕು.

ಇಂಥ ಪ್ರಯತ್ನಗಳಲ್ಲಿ ಇನ್ನೊಂದು ಅಪಾಯವೂ ಇದೆ. ಗಂಡಸರಿಗೆ ಜಾಗ ಮಾಡುವ ನೆಪದಲ್ಲಿ ಹೆಂಗಸರನ್ನು ಹಿಂದಕ್ಕೆ ಸರಿಸುವುದು. ಒಂದೂವರೆ ಶತಮಾನ ಚರ್ಚಿನ ಬೆಂಚು, ಹುಂಡಿ, ಶಾಲೆಗಳನ್ನು ಉಳಿಸಿಕೊಂಡು ಬಂದವರು ಅವರು. ದಕ್ಷಿಣ ಭಾರತ ಸಭೆ 2013ರಲ್ಲಿ ಇ. ಪುಷ್ಪಲಲಿತಾ ಅವರನ್ನು ನಂದ್ಯಾಲದ ಬಿಷಪ್ ಆಗಿ ನೇಮಿಸಿ ತನ್ನ ಮೊದಲ ಮಹಿಳಾ ಬಿಷಪ್‌ರನ್ನು ಕಂಡಿತು. ಗಂಡಸರು ಒಳಗೆ ಬರಬೇಕಾದರೆ ಈ ಮಹಿಳೆಯರ ಜೊತೆ ಕೂರಲು ಬರಬೇಕು. ಅವರನ್ನು ಎಬ್ಬಿಸಿ ಕೂರಲು ಅಲ್ಲ.

ಚರಿತ್ರೆಯ ಈ ಸುತ್ತಾಟದಿಂದ ಹೊರಡುವ ಮಾತು ಸರಳವಾದದ್ದು. ಗುರ್ಕಾರನ ವಾಳೆ, ಬಾಸೆಲ್ ಸಭೆಯ ಹಿರಿಯರು, ವೆಸ್ಲಿಯ ಹನ್ನೆರಡು ಜನ, ಟಿಳಕರ ತಾಳ, ಧಾರೂರಿನ ಗಾಡಿ, ಎಲ್ಲ ಕಡೆಯೂ ಗಂಡಸು ಬಂದು ನಿಂತದ್ದು ತನ್ನಿಂದ ಆಗಬೇಕಾದ ಕೆಲಸವೊಂದು ಇದೆ ಎಂದು ಅನ್ನಿಸಿದಾಗ. ಬರಲಿಲ್ಲವೆಂದು ಬೈದದ್ದರಿಂದ ಬಂದವರ ಕಥೆ ಚರಿತ್ರೆಯಲ್ಲಿ ಕಾಣುವುದಿಲ್ಲ.

ಹಾಗಾಗಿ ಭಾನುವಾರ ಬೇವಿನ ಮರದ ಕೆಳಗೆ ನಿಂತವನನ್ನು ‘ಒಳಗೆ ಬಾರಪ್ಪ’ ಎಂದು ಕರೆಯುವುದಕ್ಕಿಂತ, ‘ಆ ಮನೆಯ ಮುದುಕ ಮೂರು ವಾರದಿಂದ ಬಂದಿಲ್ಲ, ಒಮ್ಮೆ ಹೋಗಿ ನೋಡಿಕೊಂಡು ಬಾರಪ್ಪ’ ಎಂದು ಕೇಳುವುದು ಹೆಚ್ಚು ಫಲ ಕೊಟ್ಟೀತು. ನೋಡಿ ಬಂದವನು ಸುದ್ದಿ ಹೇಳಲಿಕ್ಕಾದರೂ ಹೊಸ್ತಿಲು ದಾಟಬೇಕಾಗುತ್ತದೆ.